ವೇಯ್ಟ್‌ಲಿಸ್ಟಿನಲ್ಲಿ ನಾಲ್ಕನೇ ನಂಬರು, ಆದರೂ ಸೀಟಿಲ್ಲ!

ಆಗಸ್ಟ್ ಬಂತೆಂದರೆ ಈ ಅಂಕಣಕ್ಕೆ ಬೇರೆ ಪ್ರಶ್ನೆಗಳೇ ಬರುವುದಿಲ್ಲ. ಅಮೆರಿಕದಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು, ಈಗಷ್ಟೇ ಹೊರಟಿರುವವರು, ಅವರ ಅಪ್ಪ ಅಮ್ಮಂದಿರು, ಎಲ್ಲರದ್ದೂ ಒಂದೇ ಗೋಳು. ಬೇಕಾದ ಕ್ಲಾಸ್ ಸಿಕ್ಕಿಲ್ಲ, ವೇಯ್ಟ್‌ಲಿಸ್ಟ್. ನಾನೂ ಅಲ್ಲಿ ಓದಿದವಳು, ವರ್ಷಗಟ್ಟಲೆ ಟಿಎ (ಪ್ರೊಫೆಸರಿಗೆ ನೆರವಾಗುವ ಟೀಚಿಂಗ್ ಅಸಿಸ್ಟೆಂಟ್) ಆಗಿ ಡಿಸ್ಕಶನ್ ಸೆಕ್ಷನ್ ನಡೆಸಿದವಳು. ಈಗ ವಿದ್ಯಾರ್ಥಿಗಳಿಗೆ ಕೋರ್ಸ್ ವಿಷಯದಲ್ಲಿ ಸಲಹೆ ಕೊಡುವುದೇ ಕೆಲಸ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಾನು ಕ್ಯಾಲಿಫೋರ್ನಿಯಾದ ಒಂದು ಯೂನಿವರ್ಸಿಟಿಯಲ್ಲಿ ಮೊದಲನೇ ವರ್ಷ. ಒಂದು ಕೋರ್ಸಿನ ಲೆಕ್ಚರಿಗೆ 300 ಸೀಟು, ಅದರಲ್ಲಿ 11 ಖಾಲಿ ಅಂತ ಸ್ಕ್ರೀನಿನಲ್ಲೇ ತೋರಿಸುತ್ತಿದೆ. ನಾನು ವೇಯ್ಟ್‌ಲಿಸ್ಟಿನಲ್ಲಿ 4ನೇ ನಂಬರು. ಎರಡು ವಾರದಿಂದ ಅಲ್ಲೇ ಇದ್ದೇನೆ. ನನ್ನ ರೂಮ್‌ಮೇಟ್ 9ನೇ ನಂಬರಿನಲ್ಲಿದ್ದಳು, ಅವಳಿಗೆ ನಿನ್ನೆ ಸಿಕ್ಕಿತು. ಇದು ಯಾವ ನ್ಯಾಯ?

ಉತ್ತರ: ನ್ಯಾಯವೇ, ಆದರೆ ಲೆಕ್ಕ ಬೇರೆ. ನೀವು ಲೆಕ್ಚರಿನ ಸೀಟು ಎಣಿಸುತ್ತಿದ್ದೀರಿ. ಕಂಪ್ಯೂಟರ್ ಎಣಿಸುತ್ತಿರುವುದು ಡಿಸ್ಕಶನ್ ಸೆಕ್ಷನ್ನಿನ ಸೀಟನ್ನು.

ಇಲ್ಲಿನ ದೊಡ್ಡ ಕೋರ್ಸುಗಳು ಎರಡು ತುಂಡಾಗಿರುತ್ತವೆ. ಪ್ರೊಫೆಸರ್ ದೊಡ್ಡ ಹಾಲಿನಲ್ಲಿ ಪಾಠ ಮಾಡುವುದು ಲೆಕ್ಚರ್. ಅದೇ ಮಕ್ಕಳನ್ನು ಇಪ್ಪತ್ತು ಇಪ್ಪತ್ತೈದರ ಗುಂಪು ಮಾಡಿ, ವಾರಕ್ಕೊಂದೋ ಎರಡೋ ಸಲ ಸಣ್ಣ ರೂಮಿನಲ್ಲಿ ಒಬ್ಬ ಟಿಎ ಲೆಕ್ಕ ಬಿಡಿಸಿ ತೋರಿಸುವುದು, ಚರ್ಚೆ ಮಾಡಿಸುವುದು ಡಿಸ್ಕಶನ್. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಲೆಕ್ಚರಿಗೆ 001 ಅಂತ ನಂಬರಿದ್ದರೆ ಡಿಸ್ಕಶನ್ನುಗಳು 101, 102 ಹೀಗೆ ಹೋಗುತ್ತವೆ. ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನಲ್ಲಿ ಎ00 ಲೆಕ್ಚರ್, ಎ01, ಎ02 ಡಿಸ್ಕಶನ್. ಲಾಸ್ ಏಂಜಲೀಸಿನ ಯುಸಿಎಲ್‌ಎಯಲ್ಲಿ 1ರ ಕೆಳಗೆ 1ಎ, 1ಬಿ, 1ಸಿ. ಹೆಸರು ಏನೇ ಇರಲಿ, ಈ ಎರಡೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಎರಡರಲ್ಲೂ ಜಾಗ ಇದ್ದರೆ ಮಾತ್ರ ನೀವು ಒಳಗೆ.

ಈಗ ನಿಮ್ಮ 300 ಸೀಟನ್ನೇ ತೆಗೆದುಕೊಳ್ಳಿ. 25ರಂತೆ 12 ಸೆಕ್ಷನ್ ಅಂತ ಇಟ್ಟುಕೊಳ್ಳೋಣ. ನೀವು ಹಾಕಿರುವುದು ಯಾವುದಕ್ಕೆ? ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ, ಮಂಗಳವಾರ ಹನ್ನೊಂದು ಗಂಟೆಯದ್ದು ಅಂತ. ಅದು ಎಲ್ಲರಿಗೂ ಬೇಕಾದ ಹೊತ್ತು. ಬೆಳಿಗ್ಗೆ ಬೇಗ ಏಳಬೇಕಾಗಿಲ್ಲ, ಮುಗಿಸಿ ಊಟಕ್ಕೆ ಹೋಗಬಹುದು. ಅಲ್ಲಿ ಕೂತವರು ಯಾಕೆ ಏಳುತ್ತಾರೆ ಹೇಳಿ? ನಿಮ್ಮ ರೂಮ್‌ಮೇಟ್ ಬಹುಶಃ ಶುಕ್ರವಾರ ಬೆಳಿಗ್ಗೆ ಎಂಟರದ್ದಕ್ಕೋ ಸಂಜೆ ಐದರದ್ದಕ್ಕೋ ಹಾಕಿರುತ್ತಾಳೆ, ಕೇಳಿ ನೋಡಿ. ಅಂಥ ಸೆಕ್ಷನ್ನಿನಿಂದ ಜನ ಸಾಲುಸಾಲಾಗಿ ಜಾಗ ಖಾಲಿ ಮಾಡುತ್ತಾರೆ. ಅಲ್ಲಿಯ 9, ನಿಮ್ಮ 4ಕ್ಕಿಂತ ಎಷ್ಟೋ ಮುಂದೆ. ಖಾಲಿ ಇರುವ ಆ 11 ಸೀಟೂ ಇಂಥ ಸೆಕ್ಷನ್ನುಗಳಲ್ಲೇ ಇರುತ್ತವೆ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಆ ಕೋರ್ಸಿನ ಎಲ್ಲಾ ಸೆಕ್ಷನ್ನುಗಳ ಪಟ್ಟಿ ತೆರೆದು, ಯಾವುದರಲ್ಲಿ ಎಷ್ಟು ಭರ್ತಿ, ಎಷ್ಟು ಜನ ಕಾಯುತ್ತಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಹತ್ತು ನಿಮಿಷದ ಕೆಲಸ, ಆದರೆ ಯಾರೂ ಮಾಡುವುದಿಲ್ಲ. ತೆರೆದಿರುವ ಸೆಕ್ಷನ್ ನಿಮ್ಮ ಬೇರೆ ಕ್ಲಾಸಿಗೆ ಅಡ್ಡ ಬಾರದಿದ್ದರೆ ಇವತ್ತೇ ಅದಕ್ಕೆ ಬದಲಾಯಿಸಿಕೊಳ್ಳಿ. ಸೆಕ್ಷನ್ ಬದಲಿಸಿದರೆ ವೇಯ್ಟ್‌ಲಿಸ್ಟಿನಲ್ಲಿ ನಿಮ್ಮ ಜಾಗ ಉಳಿಯುತ್ತದೋ ಹೋಗುತ್ತದೋ ಎನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಒತ್ತುವ ಮೊದಲು ಅದನ್ನೊಂದು ಕೇಳಿಕೊಳ್ಳಿ.

ಇನ್ನೊಂದು ಸಾಧ್ಯತೆಯೂ ಇದೆ. ಆ ಖಾಲಿ ಸೀಟುಗಳು ಮೀಸಲಾಗಿರಬಹುದು. ಆ ವಿಭಾಗದಲ್ಲೇ ಮೇಜರ್ (ಮುಖ್ಯ ವಿಷಯ) ಮಾಡುವವರಿಗೆ ಇಷ್ಟು, ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರಿಗೆ ಇಷ್ಟು ಅಂತ ಎತ್ತಿಟ್ಟಿರುತ್ತಾರೆ. ಅದು ಕೋರ್ಸಿನ ವಿವರದಲ್ಲಿ, ಸಣ್ಣ ಅಕ್ಷರದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಬರೆದಿರುತ್ತದೆ. ಆ ಗುಂಪಿಗೆ ನೀವು ಸೇರದಿದ್ದರೆ, ಮೀಸಲು ತೆಗೆಯುವವರೆಗೆ ಆ ಸೀಟು ನಿಮ್ಮ ಪಾಲಿಗೆ ಇಲ್ಲ ಅಂತಲೇ ಲೆಕ್ಕ. ಎಷ್ಟೋ ಕಡೆ ಕ್ಲಾಸ್ ಶುರುವಾಗುವ ಹೊತ್ತಿಗೆ ಅದನ್ನು ಎಲ್ಲರಿಗೂ ಬಿಡುತ್ತಾರೆ.

ಪ್ರಶ್ನೆ: ನಮಸ್ಕಾರ ಮೇಡಂ. ಮಗಳು ಅಲ್ಲಿ ಓದುತ್ತಿದ್ದಾಳೆ, ನಾವು ಮೈಸೂರಿನಲ್ಲಿದ್ದೇವೆ. ಕ್ಲಾಸ್ ಸಿಕ್ಕಿಲ್ಲ ಅಂತ ದಿನಾ ಅಳುತ್ತಾಳೆ. ನಮ್ಮ ಯಜಮಾನರು ಪ್ರೊಫೆಸರಿಗೆ ನೇರವಾಗಿ ಫೋನ್ ಮಾಡುತ್ತೇನೆ ಅನ್ನುತ್ತಿದ್ದಾರೆ. ಫೀಸು ಪೂರ್ತಿ ಕಟ್ಟಿದ್ದೇವಲ್ಲ, ಕೇಳುವ ಹಕ್ಕು ಇಲ್ಲವೇ?

ಉತ್ತರ: ದಯವಿಟ್ಟು ತಡೆಯಿರಿ ಅವರನ್ನು. ಅಮೆರಿಕದಲ್ಲಿ ಫೆರ್ಪಾ ಅಂತ 1974ರ ಒಂದು ಕಾನೂನಿದೆ. ಮಗು ಕಾಲೇಜಿಗೆ ಸೇರಿದ ಮೇಲೆ ಓದಿನ ದಾಖಲೆಗಳ ಮೇಲಿನ ಹಕ್ಕು ಮಗುವಿನದೇ ಆಗಿಬಿಡುತ್ತದೆ. ನೀವು ಫೋನ್ ಮಾಡಿದರೆ ಪ್ರೊಫೆಸರ್ ಬಹಳ ಮರ್ಯಾದೆಯಿಂದಲೇ, ಈ ವಿಷಯ ನಿಮ್ಮ ಜೊತೆ ಮಾತಾಡಲು ಬರುವುದಿಲ್ಲ ಅಂತ ಹೇಳಿ ಇಟ್ಟುಬಿಡುತ್ತಾರೆ. ಕೆಲಸ ಆಗುವುದಿಲ್ಲ, ಮಗಳಿಗೆ ಮುಜುಗರ ಬೇರೆ. ಫೀಸಿನ ಮಾತಂತೂ ಎತ್ತಲೇಬೇಡಿ. ಫೀಸು ಕಟ್ಟಿದ್ದು ಓದುವುದಕ್ಕೆ, ಇಂಥದ್ದೇ ಕ್ಲಾಸಿಗೆ ಅಂತ ಅಲ್ಲ.

ಇದು ರೈಲಿನ ವೇಯ್ಟಿಂಗ್ ಲಿಸ್ಟ್ ಥರಾನಾ ಅಂತಲೂ ಕೇಳಿದ್ದೀರಿ. ಅರ್ಧ ಹೌದು. ಚಾರ್ಟ್ ಒಂದೇ ಸಲ ಆಗುವುದಿಲ್ಲ ಅಷ್ಟೇ. ಕ್ಲಾಸ್ ಶುರುವಾದ ಮೇಲೂ ಒಂದೆರಡು ವಾರ ಜನ ಇಳಿಯುತ್ತಾ ಹತ್ತುತ್ತಾ ಇರುತ್ತಾರೆ. ಈಗ ಸಿಗದಿದ್ದರೆ ಮುಗಿದೇ ಹೋಯಿತು ಅಂದುಕೊಳ್ಳಬೇಡಿ. ಮಗಳ ಜೊತೆ ಮಾತಾಡುವಾಗ ಕ್ಲಾಸಿನ ವಿಷಯ ಬಿಟ್ಟು, ಊಟ ಮಾಡಿದ್ಯಾ ಅಂತ ಕೇಳಿ, ಸಾಕು.

ಪ್ರಶ್ನೆ: ಪ್ರೊಫೆಸರಿಗೆ ಮೇಲ್ ಬರೆಯಬೇಕಾ? ಬರೆದರೆ ಏನಂತ ಬರೆಯಬೇಕು? ನಾನು ಬರೆದದ್ದಕ್ಕೆ ಉತ್ತರವೇ ಬಂದಿಲ್ಲ. ಬರೆದದ್ದನ್ನು ಕೆಳಗೆ ಕಳಿಸಿದ್ದೇನೆ, ತಪ್ಪು ಏನು ಹೇಳಿ.

ಉತ್ತರ: ನೋಡಿದೆ. ‘ರೆಸ್ಪೆಕ್ಟೆಡ್ ಸರ್’ ಅಂತ ಶುರು ಮಾಡಿ, ಚಿಕ್ಕಂದಿನಿಂದ ಈ ವಿಷಯದಲ್ಲಿ ಆಸಕ್ತಿ, ಹನ್ನೆರಡನೇ ಕ್ಲಾಸಿನ ಅಂಕ, ಅಪ್ಪನ ಕನಸು, ಎಲ್ಲಾ ಹೇಳಿ, ಕೊನೆಗೆ ‘ದಯಮಾಡಿ ಅವಕಾಶ ಕೊಡಿ’. ಒಟ್ಟು ಐದು ಪ್ಯಾರಾ. ಆದರೆ ಯಾವ ಕೋರ್ಸು ಅಂತ ಒಂದು ಕಡೆಯೂ ಇಲ್ಲ! ಆ ಪ್ರೊಫೆಸರ್ ಆ ಸೆಮಿಸ್ಟರಿನಲ್ಲಿ ಎರಡು ಕೋರ್ಸ್ ಮಾಡುತ್ತಿರುತ್ತಾರೆ, ಇಂಥ ಮೇಲ್ ದಿನಕ್ಕೆ ಮೂವತ್ತು ಬರುತ್ತವೆ. ಹುಡುಕಿಕೊಂಡು ಕೂರುವಷ್ಟು ಪುರುಸೊತ್ತು ಅವರಿಗೆಲ್ಲಿದೆ?

ಹೀಗೆ ಬರೆಯಿರಿ. ವಿಷಯದ ಸಾಲಿನಲ್ಲಿ ಕೋರ್ಸಿನ ನಂಬರು, ಸೆಕ್ಷನ್ ನಂಬರು, ವೇಯ್ಟ್‌ಲಿಸ್ಟಿನಲ್ಲಿ ಎಷ್ಟನೆಯವರು. ಒಳಗೆ ‘ಪ್ರೊಫೆಸರ್ ಇಂಥವರಿಗೆ’ ಅಂತ ಅವರ ಹೆಸರು, ಸ್ಪೆಲ್ಲಿಂಗ್ ಸರಿಯಾಗಿ. ನಾನು ಎರಡನೇ ವರ್ಷದ ಇಂಥ ವಿಭಾಗದ ವಿದ್ಯಾರ್ಥಿ, ಬೇಕಾದ ಹಿಂದಿನ ಕೋರ್ಸ್ ಮುಗಿಸಿದ್ದೇನೆ, ಮುಂದಿನ ಸೆಮಿಸ್ಟರಿನ ಇಂಥ ಕೋರ್ಸಿಗೆ ಇದು ಬೇಕೇ ಬೇಕು, 103, 107, 110 ಈ ಮೂರರಲ್ಲಿ ಯಾವ ಸೆಕ್ಷನ್ನಿಗೂ ಬರಬಲ್ಲೆ, ಮೊದಲ ದಿನದಿಂದ ಕ್ಲಾಸಿನಲ್ಲಿರುತ್ತೇನೆ. ಕೆಳಗೆ ಹೆಸರು, ಸ್ಟೂಡೆಂಟ್ ಐಡಿ. ಮುಗಿಯಿತು. ಆ ಮೂರು ಸೆಕ್ಷನ್ ನಂಬರು ಬರೆದಿರಿ ನೋಡಿ, ಮೂವತ್ತು ಮೇಲಿನಲ್ಲಿ ಅದೊಂದೇ ಎದ್ದು ಕಾಣುತ್ತದೆ. ಯಾಕೆಂದರೆ ಅಲ್ಲಿಂದಾಚೆ ಯಾರೂ ಯೋಚನೆ ಮಾಡಬೇಕಾಗಿಲ್ಲ, ಸೀಟಿದ್ದರೆ ಹಾಕುವುದಷ್ಟೇ.

ಇಲ್ಲೊಂದು ಮಾತು. ಎಲ್ಲಾ ಕಡೆ ಪ್ರೊಫೆಸರ್ ಕೈಯಲ್ಲಿ ಇದು ಇರುವುದಿಲ್ಲ. ಕೆಲವು ಕಡೆ ಅವರು ಒಂದು ನಂಬರು ಕೊಡುತ್ತಾರೆ, ಅದನ್ನು ಹಾಕಿದರೆ ಭರ್ತಿಯಾದ ಕ್ಲಾಸಿಗೂ ಸೇರಬಹುದು. ಯುಸಿಎಲ್‌ಎಯಲ್ಲಿ ಅದಕ್ಕೆ ಪಿಟಿಇ ನಂಬರ್, ಡೇವಿಸಿನಲ್ಲಿ ಪಿಟಿಎ ನಂಬರ್, ಸಿಯಾಟಲ್ಲಿನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಆಡ್ ಕೋಡ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲೂ ಆಡ್ ಕೋಡ್ ಮಾಮೂಲು. ಇನ್ನು ಕೆಲವು ಕಡೆ ಅದು ವಿಭಾಗದ ಆಫೀಸಿನಲ್ಲಿ ಕೂತ ಒಬ್ಬ ಸಿಬ್ಬಂದಿಯ ಕೈಯಲ್ಲಿರುತ್ತದೆ, ಪ್ರೊಫೆಸರ್ ಬಯಸಿದರೂ ಏನೂ ಮಾಡಲಾರರು. ಕೋರ್ಸಿನ ಪುಟದಲ್ಲಿ ‘ವೇಯ್ಟ್‌ಲಿಸ್ಟ್ ಬಗ್ಗೆ ನನಗೆ ಬರೆಯಬೇಡಿ’ ಅಂತ ಹಾಕಿದ್ದರೆ ಸುಮ್ನೆ ಬರೆಯಬೇಡಿ. ಅಲ್ಲಿ ಹೇಳಿದವರಿಗೆ ಬರೆಯಿರಿ.

ಮೇಲಿಗಿಂತ ಜಾಸ್ತಿ ಕೆಲಸ ಮಾಡುವುದು ಮೊದಲ ವಾರ ಕ್ಲಾಸಿಗೆ ಹೋಗಿ ಕೂರುವುದು. ವೇಯ್ಟ್‌ಲಿಸ್ಟಿನಲ್ಲಿರುವವರು ಬರಬಾರದು ಅಂತ ಅಂದುಕೊಂಡು ಮನೆಯಲ್ಲಿ ಕೂತವರನ್ನು ಎಷ್ಟು ನೋಡಿದ್ದೇನೋ! ಹೋಗಿ. ಲೆಕ್ಚರಿಗೂ ಹೋಗಿ, ಡಿಸ್ಕಶನ್ನಿಗೂ ಹೋಗಿ. ಹಾಜರಿ ಹಾಳೆ ಬಂದರೆ ಕೆಳಗೆ ಹೆಸರು ಬರೆದು ಪಕ್ಕದಲ್ಲಿ ‘ವೇಯ್ಟ್‌ಲಿಸ್ಟ್’ ಅಂತ ಹಾಕಿ. ಸೀಟಿದ್ದವರೇ ಮೊದಲ ದಿನ ಬಾರದಿದ್ದರೆ ಅವರನ್ನು ತೆಗೆದುಹಾಕುವ ಪದ್ಧತಿ ಅನೇಕ ಕಡೆ ಇದೆ, ಆ ಜಾಗ ಎದುರಿಗೆ ಕೂತವರಿಗೇ ಹೋಗುವುದು. ಹೋಮ್‌ವರ್ಕ್ ಕೂಡ ಮಾಡುತ್ತಾ ಹೋಗಿ. ಎರಡನೇ ವಾರ ಸೀಟು ಸಿಕ್ಕಾಗ, ಆವರೆಗಿನ ಹೋಮ್‌ವರ್ಕಿಗೆ ಯಾರೂ ಗಡುವು ಮುಂದೆ ಹಾಕುವುದಿಲ್ಲ. ಪಾಠ, ಹೋಮ್‌ವರ್ಕ್ ಹಾಕುವ ಕ್ಯಾನ್ವಾಸ್ ಜಾಲತಾಣದಲ್ಲಿ ಕೋರ್ಸ್ ನಿಮಗೆ ಕಾಣಿಸದಿದ್ದರೆ ಟಿಎಗೆ ಹೇಳಿ, ಹಲವರು ಕೈಯಿಂದಲೇ ಸೇರಿಸಿಕೊಳ್ಳುತ್ತಾರೆ.

ಪ್ರಶ್ನೆ: ನಾನು 1ನೇ ನಂಬರು. ಮೊದಲನೆಯವನು! ಸೀಟು ಖಾಲಿಯಾಯಿತು, ಹೋಗಿದ್ದು ಮಾತ್ರ 2ನೇ ನಂಬರಿನವನಿಗೆ. ಅವನೇ ಬಂದು ಹೇಳಿದ. ನನಗೆ ತಲೆ ಕೆಟ್ಟುಹೋಗಿದೆ.

ಉತ್ತರ: ಕಂಪ್ಯೂಟರ್ ನಿಮ್ಮ ಹೆಸರಿಗೆ ಬಂತು, ಹಾಕಲು ನೋಡಿತು, ಆಗಲಿಲ್ಲ, ಮುಂದಿನವರಿಗೆ ಹೋಯಿತು. ಅದು ನಿಲ್ಲಿಸಿ ಕಾರಣ ವಿಚಾರಿಸುವುದಿಲ್ಲ. ಕಾರಣ ಸಾಮಾನ್ಯವಾಗಿ ನಾಲ್ಕೇ. ನೀವು ಈಗಾಗಲೇ ಸೇರಿರುವ ಇನ್ನೊಂದು ಕ್ಲಾಸಿನ ಹೊತ್ತು ಇದಕ್ಕೆ ಅಡ್ಡ ಬರುತ್ತಿರಬಹುದು, ಹತ್ತು ನಿಮಿಷ ತಾಗಿದರೂ ಸಾಕು. ಇದನ್ನು ಸೇರಿಸಿದರೆ ಒಟ್ಟು ಯೂನಿಟ್ (ಕ್ರೆಡಿಟ್ ಅಂತಲೂ ಅನ್ನುತ್ತಾರೆ) ಮಿತಿ ಮೀರಬಹುದು. ಅದೇ ಕೋರ್ಸಿನ ಬೇರೆ ಸೆಕ್ಷನ್ನಿಗೆ ನೀವು ಸೇರಿಬಿಟ್ಟಿದ್ದು, ಇದು ಬಂದರೆ ಅದು ಬಿಡು ಅಂತ ಹೇಳಿರದೇ ಇರಬಹುದು. ಇಲ್ಲಾ ನಿಮ್ಮ ಖಾತೆಯ ಮೇಲೆ ಹೋಲ್ಡ್, ಅಂದರೆ ಏನೋ ಬಾಕಿ ಇದೆ ಅಂತ ಹಾಕಿದ ತಡೆ ಇರಬಹುದು.

ಈ ಹೋಲ್ಡಿನಿಂದ ನಾನೇ ಪಾಠ ಕಲಿತವಳು. ನನ್ನ ಮೊದಲ ಸೆಮಿಸ್ಟರ್, ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ನಾನೂ 1ನೇ ನಂಬರು. ದಿನಕ್ಕೆ ಇಪ್ಪತ್ತು ಸಲ ಪುಟ ತೆರೆದು ನೋಡುತ್ತಿದ್ದೆ. ಮೂರು ದಿನದಲ್ಲಿ ನನ್ನ ಹಿಂದಿನ ನಾಲ್ಕು ಜನ ಒಳಗೆ ಹೋದರು, ನಾನು 1 ಆಗಿಯೇ ಉಳಿದೆ. ನಾಲ್ಕನೇ ದಿನ ರಿಜಿಸ್ಟ್ರಾರ್ ಆಫೀಸಿನ ಕಿಟಕಿಯಲ್ಲಿ ಕೂತ ಹೆಂಗಸು ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲೊಂದು ಪುಟ್ಟ ಕೆಂಪು ಗುರುತು. ದಡಾರದ ಲಸಿಕೆಯ ದಾಖಲೆ ತಲುಪಿಲ್ಲ ಅಂತ. ಊರಿಂದ ತಂದ ಲಸಿಕೆ ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರಿನ ಒಳಗೆ, ಭದ್ರವಾಗಿ! ದಿನಕ್ಕೆ ಇಪ್ಪತ್ತು ಸಲ ನೋಡಿದ ಪುಟದಲ್ಲೇ ಆ ಗುರುತು ಇತ್ತು, ನಾನು ನಂಬರು ಮಾತ್ರ ನೋಡುತ್ತಿದ್ದೆ.

ನೀವೂ ಮೊದಲು ಹೋಲ್ಡ್ ನೋಡಿ. ಲಸಿಕೆ, ಬಾಕಿ ಹಣ, ಅಡ್ವೈಸರನ್ನು ಭೇಟಿಯಾಗದೇ ಇರುವುದು, ಇವೇ ಹೆಚ್ಚು. ಆಮೇಲೆ ಟೈಮ್‌ಟೇಬಲ್, ಆಮೇಲೆ ಯೂನಿಟ್.

ಜೊತೆಗೆ ಒಂದು ವಿಷಯ, ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಅಂತ ಸಂಪಾದಕರಿಗೆ ಹೇಳಿದ್ದೇನೆ, ಹಾಕುತ್ತಾರೋ ಇಲ್ಲವೋ. ಕೈಯಲ್ಲಿರುವ ಸೆಕ್ಷನ್ ಬಿಟ್ಟು ಬೇರೆಯದಕ್ಕೆ ಹೋಗಬೇಕಿದ್ದರೆ ಮೊದಲು ಡ್ರಾಪ್ ಒತ್ತಿ ಆಮೇಲೆ ಆಡ್ ಮಾಡಬೇಡಿ. ಆ ಎರಡು ಕ್ಲಿಕ್ಕಿನ ನಡುವೆ ನಿಮ್ಮ ಹಳೇ ಸೀಟು ವೇಯ್ಟ್‌ಲಿಸ್ಟಿನ ಮೊದಲನೆಯವರಿಗೆ ಹೋಗಿರುತ್ತದೆ, ಹೊಸದು ಭರ್ತಿಯಾಗಿರುತ್ತದೆ, ಎರಡೂ ಇಲ್ಲ. ಅನೇಕ ಕಡೆ ಸ್ವಾಪ್ ಅಂತ ಒಂದು ಬಟನ್ ಇರುತ್ತದೆ. ಹೊಸದು ಸಿಕ್ಕರೆ ಮಾತ್ರ ಹಳೆಯದನ್ನು ಬಿಡುತ್ತದೆ. ಅದನ್ನೇ ಒತ್ತಿ.

ಪ್ರಶ್ನೆ: ನಾನು ಎಂಎಸ್ ವಿದ್ಯಾರ್ಥಿ, ಎಫ್-1 (ವಿದ್ಯಾರ್ಥಿ) ವೀಸಾ. ನಮ್ಮಲ್ಲಿ 9 ಕ್ರೆಡಿಟ್ ಇರಬೇಕು. 6 ಸಿಕ್ಕಿದೆ, 3 ವೇಯ್ಟ್‌ಲಿಸ್ಟ್. ಸಿಕ್ಕೇ ಸಿಗುತ್ತದೆ ಅಂತ ಸೀನಿಯರುಗಳು ಹೇಳುತ್ತಾರೆ. ಕಾಯಲಾ?

ಉತ್ತರ: ಕಾಯಿರಿ, ಆದರೆ ಬರಿಗೈಯಲ್ಲಿ ಕಾಯಬೇಡಿ. ವೇಯ್ಟ್‌ಲಿಸ್ಟಿನ ಕ್ರೆಡಿಟ್ ಕ್ರೆಡಿಟ್ಟೇ ಅಲ್ಲ. ಇವತ್ತಿನ ಲೆಕ್ಕಕ್ಕೆ ನೀವು 6 ಕ್ರೆಡಿಟ್ಟಿನ ವಿದ್ಯಾರ್ಥಿ, ಅಂದರೆ ಪೂರ್ಣಾವಧಿ ಅಲ್ಲ.

ಎಫ್-1ನವರು ಪ್ರತಿ ಸೆಮಿಸ್ಟರೂ ಪೂರ್ತಿ ಕೋರ್ಸ್ ಹೊರೆ ಹೊತ್ತಿರಬೇಕು. ಪದವಿ ಓದುವವರಿಗೆ ಕನಿಷ್ಠ 12 ಕ್ರೆಡಿಟ್ ಅಂತ ನಿಯಮದಲ್ಲೇ ಇದೆ. ಎಂಎಸ್, ಪಿಎಚ್‌ಡಿಯವರಿಗೆ ಎಷ್ಟು ಅಂತ ಆಯಾ ಯೂನಿವರ್ಸಿಟಿ ನಿಗದಿ ಮಾಡುತ್ತದೆ, ನಿಮ್ಮಲ್ಲಿ 9. ಕಡಿಮೆ ಹೊರೆಗೆ ಡಿಎಸ್ಒ, ಅಂದರೆ ಕಾಲೇಜಿನಲ್ಲಿ ನಿಮ್ಮ ಐ-20 (ವೀಸಾಕ್ಕೆ ಆಧಾರವಾದ ಕಾಲೇಜಿನ ಪತ್ರ) ನೋಡಿಕೊಳ್ಳುವ ಅಧಿಕಾರಿ, ಅನುಮತಿ ಕೊಡಬಹುದು, ಆದರೆ ಅದಕ್ಕೆ ಕಾರಣಗಳು ಗೊತ್ತುಮಾಡಿದಂಥವು. ಮೊದಮೊದಲು ಭಾಷೆಯದ್ದೋ ಇಲ್ಲಿನ ಪಾಠ ಕ್ರಮದ್ದೋ ತೊಂದರೆ, ತಪ್ಪಾದ ಮಟ್ಟದ ಕೋರ್ಸಿಗೆ ಸೇರಿದ್ದು, ಕಾಯಿಲೆ, ಕೊನೆಯ ಸೆಮಿಸ್ಟರಿನಲ್ಲಿ ಅಷ್ಟು ಕ್ರೆಡಿಟ್ ಬೇಕಿಲ್ಲದಿರುವುದು. ‘ಬೇಕಾದ ಕ್ಲಾಸಿಗೆ ಸೀಟು ಸಿಗಲಿಲ್ಲ’ ಎನ್ನುವುದು ಆ ಪಟ್ಟಿಯಲ್ಲಿಲ್ಲ. ಸೀನಿಯರುಗಳು ಇದನ್ನು ಹೇಳಿದರಾ?

ಹಾಗಾಗಿ ಇವತ್ತು ಸಂಜೆಯೊಳಗೆ, ನಿಮ್ಮ ಡಿಗ್ರಿಗೆ ಲೆಕ್ಕಕ್ಕೆ ಬರುವ, ಸೀಟು ಖಾಲಿ ಇರುವ ಯಾವುದಾದರೂ 3 ಕ್ರೆಡಿಟ್ ಕೋರ್ಸಿಗೆ ಸೇರಿಕೊಳ್ಳಿ. ಇಷ್ಟವಿಲ್ಲದಿದ್ದರೂ ಪರವಾಗಿಲ್ಲ. ವೇಯ್ಟ್‌ಲಿಸ್ಟಿನ ಕೋರ್ಸ್ ಬಂದಾಗ ಇದು ಬಿಟ್ಟುಹೋಗುವಂತೆ ಕಟ್ಟಿಡಿ. ಆ ಸೌಲಭ್ಯ ನಿಮ್ಮಲ್ಲಿ ಇಲ್ಲದಿದ್ದರೆ ಬಂದ ದಿನವೇ ಕೈಯಿಂದ ಬಿಡಿ. ಆನ್‌ಲೈನ್ ಕೋರ್ಸ್ ಹುಡುಕುವಾಗ ಹುಷಾರು. ಒಂದು ಸೆಮಿಸ್ಟರಿನಲ್ಲಿ ಒಂದು ಆನ್‌ಲೈನ್ ಕ್ಲಾಸ್, ಅಂದರೆ 3 ಕ್ರೆಡಿಟ್ಟಿನವರೆಗೆ ಮಾತ್ರ ಈ ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ 6ರಲ್ಲಿ ಈಗಾಗಲೇ ಒಂದು ಆನ್‌ಲೈನ್ ಇದ್ದರೆ ಇನ್ನೊಂದು ಸೇರಿಸಿ ಉಪಯೋಗವಿಲ್ಲ.

ಕ್ರೆಡಿಟ್ ಮಿತಿಗಿಂತ ಕೆಳಗೆ ಇಳಿಯುವಂಥ ಡ್ರಾಪ್ ಮಾಡುವ ಮೊದಲು ಡಿಎಸ್ಒ ಅವರನ್ನು ಕೇಳಿ. ಮಾಡಿದ ಮೇಲೆ ಕೇಳಿದರೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ. ಹೊಸದಾಗಿ ಬಂದವರನ್ನು ಪ್ರೋಗ್ರಾಂ ಶುರುವಾದ ದಿನದಿಂದ 30 ದಿನದೊಳಗೆ ಸೆವಿಸ್ ಎಂಬ ಸರ್ಕಾರಿ ದಾಖಲೆಯಲ್ಲಿ ಅವರು ನೋಂದಾಯಿಸಬೇಕು, ಅಷ್ಟರೊಳಗೆ ನಿಮ್ಮ ಕ್ರೆಡಿಟ್ ಸರಿಯಿರಲಿ.

ಪ್ರಶ್ನೆ: ನಾನಿನ್ನೂ ಬೆಂಗಳೂರಿನಲ್ಲೇ ಇದ್ದೇನೆ, ಮುಂದಿನ ವಾರ ಫ್ಲೈಟು. ರಾತ್ರಿ ಮಲಗಿದ್ದಾಗ ‘ಸೀಟು ಬಂದಿದೆ, ಸೇರಿಕೊಳ್ಳಿ’ ಅಂತ ಮೇಲ್ ಬಂದಿತ್ತು. ನಾನು ನೋಡಿದ್ದು ಎರಡು ದಿನ ಬಿಟ್ಟು. ಸೀಟು ಹೋಗಿದೆ.

ಉತ್ತರ: ಅಯ್ಯೋ. ಕೆಲವು ಯೂನಿವರ್ಸಿಟಿಗಳಲ್ಲಿ ತಾನಾಗಿಯೇ ಸೇರಿಸಿಬಿಡುತ್ತದೆ, ಕೆಲವು ಕಡೆ ಹೀಗೆ ಮೇಲ್ ಬರುತ್ತದೆ, 12 ಗಂಟೆಯೋ 24 ಗಂಟೆಯೋ ಗಡುವು ಕೊಟ್ಟು. ನಿಮ್ಮದು ಯಾವ ಥರ ಅಂತ ಮೊದಲೇ ತಿಳಿದುಕೊಂಡಿರಬೇಕಿತ್ತು. ಈಗ ಮತ್ತೆ ವೇಯ್ಟ್‌ಲಿಸ್ಟಿಗೆ ಸೇರಿ, ಕಾಲೇಜಿನ ಮೇಲ್ ಫೋನಿನಲ್ಲಿ ಸದ್ದು ಮಾಡುವಂತೆ ಇಟ್ಟುಕೊಳ್ಳಿ. ನೀವು ಹೋಗುತ್ತಿರುವುದು ಪೂರ್ವ ಕರಾವಳಿಗೆ ತಾನೆ? ಬೇಸಿಗೆಯಲ್ಲಿ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಅಂತರ. ಅವರ ಬೆಳಿಗ್ಗೆ 9 ನಮ್ಮ ಸಂಜೆ 6:30. ಕ್ಯಾಲಿಫೋರ್ನಿಯಾದವರಿಗಾದರೆ ಹನ್ನೆರಡೂವರೆ ಗಂಟೆ, ಅವರ ಬೆಳಿಗ್ಗೆ 8 ನಮ್ಮ ರಾತ್ರಿ 8:30. ಅವರು ಆಫೀಸಿನಲ್ಲಿ ಕೂತು ಸೀಟು ಬಿಡುವ ಹೊತ್ತು ನಾವು ನಿದ್ದೆ ಮಾಡುವ ಹೊತ್ತು. ಫ್ಲೈಟಿನಲ್ಲಿರುವ ಆ ಇಪ್ಪತ್ತು ಚಿಲ್ಲರೆ ಗಂಟೆಯೂ ನೆನಪಿರಲಿ. ನಡುವೆ ಇಳಿಯುವ ಏರ್‌ಪೋರ್ಟಿನಲ್ಲಿ ಒಮ್ಮೆ ಮೇಲ್ ನೋಡಿ.

ಪ್ರಶ್ನೆ: ಸೀಟು ಖಾಲಿಯಾದ ಕೂಡಲೇ ತಾನೇ ಹಿಡಿಯುವ ಪ್ರೋಗ್ರಾಂ ಒಂದನ್ನು ಗೆಳೆಯ ಬರೆದಿದ್ದಾನೆ. ಇನ್ನೊಬ್ಬ ತನ್ನ ಸೀಟನ್ನು ದುಡ್ಡಿಗೆ ಬಿಟ್ಟುಕೊಡುತ್ತೇನೆ ಅನ್ನುತ್ತಾನೆ. ತಪ್ಪಾ?

ಉತ್ತರ: ಎರಡೂ ಬೇಡ. ಅನೇಕ ಯೂನಿವರ್ಸಿಟಿಗಳು ಎರಡನ್ನೂ ನಿಷೇಧಿಸಿವೆ, ಸಿಕ್ಕಿಬಿದ್ದರೆ ಇದ್ದ ಕ್ಲಾಸುಗಳಿಗೂ ಕುತ್ತು. ಅದೂ ಅಲ್ಲದೆ ವೇಯ್ಟ್‌ಲಿಸ್ಟ್ ಇರುವ ಕ್ಲಾಸಿನಲ್ಲಿ ಅವನು ಬಿಟ್ಟ ಸೀಟು ನಿಮಗೆ ಬರುವುದೇ ಇಲ್ಲ, ಸಾಲಿನ ಮೊದಲನೆಯವರಿಗೆ ಹೋಗುತ್ತದೆ. ದುಡ್ಡು ಕೊಟ್ಟು ಯಾರಿಗೋ ಉಪಕಾರ ಮಾಡಿದ ಹಾಗಾಗುತ್ತದೆ.

ಪ್ರಶ್ನೆ: ಕೊನೆಯ ಸೆಮಿಸ್ಟರ್. ಈ ಒಂದು ಕೋರ್ಸ್ ಆದರೆ ಡಿಗ್ರಿ ಕೈಗೆ. ವೇಯ್ಟ್‌ಲಿಸ್ಟಿನಲ್ಲಿ 38. ಕಮ್ಯೂನಿಟಿ ಕಾಲೇಜಿನಲ್ಲಿ ಮಾಡಿಕೊಂಡು ಬರಲಾ?

ಉತ್ತರ: ಮೊದಲು ನಿಮ್ಮ ವಿಭಾಗದ ಅಡ್ವೈಸರ್ ಹತ್ತಿರ ಹೋಗಿ. ಪ್ರೊಫೆಸರ್ ಹತ್ತಿರ ಅಲ್ಲ. ಈ ಸೆಮಿಸ್ಟರಿನಲ್ಲೇ ಮುಗಿಸುವವರಿಗೆ ಅವರು ದಾರಿ ಮಾಡಿಕೊಡುವುದು ಹೆಚ್ಚು. ಸೀಟೇ ಕೊಡಿಸಬಹುದು, ಅಥವಾ ಇದರ ಬದಲು ಬೇರೆ ಕೋರ್ಸ್ ಲೆಕ್ಕಕ್ಕೆ ಹಿಡಿಯುವಂತೆ ಅರ್ಜಿ ಹಾಕಿಸಬಹುದು. 38 ಅಂತ ಹೆದರಿ ಪಟ್ಟಿಯಿಂದ ಹೆಸರು ಮಾತ್ರ ತೆಗೆಯಬೇಡಿ. ಕಾಯುವವರು ಒಂದು ಸೆಕ್ಷನ್ನಿಗಾಗುವಷ್ಟು ಆದಾಗ, ಟಿಎ ಒಬ್ಬರು ಮತ್ತು ರೂಮು ಒಂದು ಸಿಕ್ಕರೆ, ವಿಭಾಗ ಹೊಸ ಸೆಕ್ಷನ್ ತೆರೆಯುವುದುಂಟು. ಅದು ತೆರೆದರೆ 38ರಿಂದ ಒಂದೇ ರಾತ್ರಿಯಲ್ಲಿ 13ಕ್ಕೆ ಇಳಿಯುತ್ತೀರಿ.

ಕಮ್ಯೂನಿಟಿ ಕಾಲೇಜಿನ ಕೋರ್ಸುಗಳು ಮೊದಲ ಎರಡು ವರ್ಷದ ಮಟ್ಟದವು. ನಿಮಗೆ ಬಾಕಿ ಇರುವುದು ಮೇಲಿನ ಹಂತದ ಕೋರ್ಸಾದರೆ ಅಲ್ಲಿ ಸಿಗುವುದಿಲ್ಲ. ಕೆಳಗಿನ ಹಂತದ್ದಾದರೆ ಕ್ಯಾಲಿಫೋರ್ನಿಯಾದಲ್ಲಿ ‘ಅಸಿಸ್ಟ್’ ಎಂಬ ಜಾಲತಾಣದಲ್ಲಿ ಯಾವುದಕ್ಕೆ ಯಾವುದು ಸಮ ಅಂತ ನೋಡಬಹುದು. ಕೊನೆಯ ಇಷ್ಟು ಯೂನಿಟ್ ನಮ್ಮಲ್ಲೇ ಓದಿರಬೇಕು ಎಂಬ ನಿಯಮವೂ ಇರುತ್ತದೆ, ಅಡ್ವೈಸರ್ ಬಾಯಲ್ಲಿ ಹೂಂ ಅಂದರೆ ಸಾಲದು, ಮೇಲಿನಲ್ಲಿ ಬರೆಸಿಕೊಳ್ಳಿ.

ಎಷ್ಟು ದಿನ ಕಾಯಬೇಕು ಅಂತಲೂ ಕೇಳಿದ್ದೀರಿ. ಬರ್ಕ್ಲಿ, ಮರ್ಸೆಡ್ ಥರ ಸೆಮಿಸ್ಟರ್ ಇರುವಲ್ಲಿ ಸ್ವಲ್ಪ ಉಸಿರಾಡಬಹುದು. ಯುಸಿಎಲ್‌ಎ, ಸ್ಯಾನ್ ಡಿಯಾಗೋ, ಡೇವಿಸ್, ಅರ್ವೈನ್ ಇವೆಲ್ಲ ಕ್ವಾರ್ಟರ್. ಅಲ್ಲಿ ಪಾಠ ಇರುವುದೇ 10 ವಾರ, ಎರಡು ವಾರ ಕಾದರೆ ಐದರಲ್ಲಿ ಒಂದು ಪಾಲು ಹೋಯಿತು. ಹೆಚ್ಚು ಸೀಟು ಬಿಡುವುದು ಮೊದಲ ಹೋಮ್‌ವರ್ಕ್ ಕೈಗೆ ಬಂದ ಮರುದಿನ, ಮತ್ತೆ ಡ್ರಾಪ್ ಗಡುವಿನ ಹಿಂದಿನ ರಾತ್ರಿ. ನಾನು ಟಿಎ ಆಗಿದ್ದ ಅಷ್ಟೂ ವರ್ಷ ನೋಡಿದ್ದು ಇದನ್ನೇ.

ಪ್ರಶ್ನೆ: ಮೇಡಂ, ನನ್ನದು ಉಲ್ಟಾ ಪ್ರಶ್ನೆ. ಈ ಸೆಮಿಸ್ಟರಿನಿಂದ ನಾನೇ ಟಿಎ. 25 ಸೀಟಿನ ಸೆಕ್ಷನ್ನಿಗೆ ಮೊದಲ ದಿನ 34 ಜನ ಬಂದಿದ್ದರು, ನಾಲ್ಕು ಜನ ಗೋಡೆಗೆ ಒರಗಿ ನಿಂತಿದ್ದರು. ಅದರಲ್ಲಿ ಒಬ್ಬ ನಮ್ಮ ಕಡೆಯವನೇ, ‘ಅಣ್ಣಾ, ಹೇಗಾದರೂ ಮಾಡಿ ಸೇರಿಸಿಕೊಳ್ಳಿ’ ಅಂತ ಕನ್ನಡದಲ್ಲಿ ಕೇಳಿದ. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಉತ್ತರ: ‘ನೋಡೋಣ’ ಅಂದಿರಿ, ಅಲ್ವಾ? ಆ ‘ನೋಡೋಣ’ ಬೇಡ. ಅವನು ಅದನ್ನು ಹೂಂ ಅಂತಲೇ ಕೇಳಿಸಿಕೊಂಡಿರುತ್ತಾನೆ, ಬೇರೆ ಸೆಕ್ಷನ್ ಹುಡುಕುವುದನ್ನು ನಿಲ್ಲಿಸಿರುತ್ತಾನೆ. ಸೇರಿಸುವ ಅಧಿಕಾರ ಸಾಮಾನ್ಯವಾಗಿ ಟಿಎಗೆ ಇರುವುದಿಲ್ಲ. ರೂಮಿನಲ್ಲಿ ಇಷ್ಟೇ ಜನ ಎಂಬ ಅಗ್ನಿಶಾಮಕ ನಿಯಮವೂ ಇದೆ, ಗೋಡೆಗೆ ಒರಗಿದವರೂ ಅದರ ಲೆಕ್ಕಕ್ಕೆ ಬರುತ್ತಾರೆ.

ಮುಂದಿನ ಕ್ಲಾಸಿಗೆ ಹೋಗುವ ಮುಂಚೆ ಉಳಿದ ಟಿಎಗಳಿಗೆ ಒಂದು ಮೆಸೇಜು ಹಾಕಿ, ಯಾರ ಸೆಕ್ಷನ್ನಿನಲ್ಲಿ ಎಷ್ಟು ಕುರ್ಚಿ ಖಾಲಿ ಇತ್ತು ಅಂತ ಕೇಳಿ. ಸ್ಕ್ರೀನು ಹೇಳುವುದಕ್ಕೂ ಕುರ್ಚಿ ಹೇಳುವುದಕ್ಕೂ ಮೊದಲ ವಾರ ತುಂಬಾ ವ್ಯತ್ಯಾಸ ಇರುತ್ತದೆ. ನಾನು ಟಿಎ ಆಗಿದ್ದಾಗ ಬೋರ್ಡಿನ ಬಲಗಡೆ ಮೂಲೆಯಲ್ಲಿ ಅದನ್ನು ಬರೆದುಬಿಡುತ್ತಿದ್ದೆ: ‘104 ಶುಕ್ರವಾರ 8 ಗಂಟೆ, ಆರು ಜಾಗ. 109 ಗುರುವಾರ ಸಂಜೆ, ಮೂರು.’ ಬರೆದು ತಿರುಗುವಷ್ಟರಲ್ಲಿ ನಿಂತವರಲ್ಲಿ ಇಬ್ಬರು ಬ್ಯಾಗು ಹೆಗಲಿಗೇರಿಸಿ, ಫೋನಿನಲ್ಲಿ ಸ್ವಾಪ್ ಒತ್ತುತ್ತಾ ಬಾಗಿಲ ಹತ್ತಿರ ಹೋಗಿರುತ್ತಿದ್ದರು. ನಿಮ್ಮ ಆ ಹುಡುಗನಿಗೂ ಆ ನಂಬರು ಕನ್ನಡದಲ್ಲೇ ಹೇಳಿ.